ಡ್ರೋನ್ ಇದೆ, ಹೊಲ ಕೊಡಿ

ನಮ್ಮ ಜಿಲ್ಲೆಗೆ ಹೊಸದೇನು ಬಂದರೂ ಮೊದಲು ಅದರ ಕೊರಳಿಗೊಂದು ಹಾರ, ಆಮೇಲೊಂದು ಭಾಷಣ. ಕೆಲಸದ ಸರದಿ ಬರುವ ಹೊತ್ತಿಗೆ ಎಲ್ಲರೂ ಊಟಕ್ಕೆ ಎದ್ದಿರುತ್ತಾರೆ. ತಾಲ್ಲೂಕು ಕಚೇರಿ ಮುಂದೆ ಧಿಕ್ಕಾರ ಕೂಗಿಕೊಂಡಿದ್ದ ನಾನು ಮೊಬೈಲ್ ನೋಡಿ ನೋಡಿ ಡ್ರೋನ್ ಕಲಿತೆ. ಬೆಳೆಗೆ ಔಷಧಿ ಹೊಡೆಯುವ ಹಳೇ ಡ್ರೋನ್ ಒಂದನ್ನು ತಂದೂ ಬಿಟ್ಟೆ. ಇನ್ನು ಬೇಕಾಗಿದ್ದು, ನಂಬಿ ಹೊಲಕ್ಕೆ ಬಿಟ್ಟುಕೊಳ್ಳುವ ಒಬ್ಬ ರೈತ. ಒಬ್ಬ ಒಪ್ಪಿದರೆ ಬದುಕು ನಡೆಯುತ್ತದೆ. ಇಲ್ಲವಾದರೆ ಅಪ್ಪ ಹೇಳಿದ್ದೇ ಗತಿ: "ಆ ಫ್ಯಾನ್ ಮಾರ್ಬುಟ್ಟು ಒಂದು ಹಸ ಕಟ್ಲಾ."

ಗಾಜಿನ ಬೀರು

ಸರ್ಟಿಫಿಕೇಟ್ ಬೇಕಲ್ಲ, ಹಾಸನದ ಒಂದು ತರಬೇತಿ ಕೇಂದ್ರ ಸೇರಿದೆ. ದಿನವೂ ಪರದೆಯ ಮೇಲೆ ಡ್ರೋನಿನ ಚಿತ್ರ. ನಿಜವಾದದ್ದು ಗಾಜಿನ ಬೀರುವಿನೊಳಗೆ ಬೀಗ ಹಾಕಿಸಿಕೊಂಡು ಕೂತಿತ್ತು.

"ಸಾ, ಅದನ್ನ ಯಾವಾಗ ಹಾರಿಸೋದು?"

"ಹಾರಿಸಿದ್ರೆ ಬೀಳುತ್ತಲ್ರೀ!" ಅಂದರು ಮೇಷ್ಟ್ರು.

ಬೀರುವಿನ ಮುಂದೆಯೇ ಧರಣಿ ಕೂತೆ. ಕೊನೆಗೆ ಬೀಗ ತೆಗೆದರು. ಮೈದಾನಕ್ಕೆ ತಂದು ಮೇಲೆಬ್ಬಿಸಿದೆ. ತಿರುಗಿ ನೋಡಿದರೆ ಮೇಷ್ಟ್ರು ಬಾಯಿಬಿಟ್ಟುಕೊಂಡು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದಾರೆ.

"ಯಾಕ್ ಸಾ?"

"ನಾನೂ ಮೊದಲನೇ ಸಲ ನೋಡ್ತಿರೋದು ಕಣಪ್ಪ. ಮುಂದಿನ ಬ್ಯಾಚ್‌ಗೆ ಪಾಠ ಮಾಡ್ಬೇಕಲ್ಲ!"

ಹೂಮಳೆ

ಚನ್ನರಾಯಪಟ್ಟಣದಲ್ಲಿ ಒಬ್ಬ ಮುಖಂಡರ ಸಭೆ. "ನಮ್ಮ ಸಾಹೇಬ್ರ ಮೇಲೆ ಡ್ರೋನಿಂದ ಹೂ ಸುರಿ, ಅವರ ಗದ್ದೆಯ ಔಷಧಿ ಕೆಲಸವೆಲ್ಲ ನಿಂಗೇ ಕೊಡಿಸ್ತೀನಿ" ಅಂದ ಅವರ ಹಿಂಬಾಲಕ. ಜೆಸಿಬಿಯಿಂದ ಸುರಿಸಿಕೊಂಡು ಅವರಿಗೆ ಬೇಜಾರಾಗಿತ್ತಂತೆ. ಗದ್ದೆಯ ಆಸೆಗೆ ಒಪ್ಪಿದೆ.

ಡ್ರೋನಿಗೆ ಕಟ್ಟಿದ್ದ ಹೂವಿನ ಬುಟ್ಟಿ ಸಾಹೇಬರ ನೆತ್ತಿಯ ಮೇಲೆ ಬಂದು ಮಗುಚಿತು. ಡ್ರೋನಿನ ಗಾಳಿಗೆ ಸಾಹೇಬರ ಪೇಟ ಹಾರಿತು, ಶಾಲು ಹಾರಿತು. ಒಂದು ಎಸಳೂ ಅವರ ಮೇಲೆ ಬೀಳಲಿಲ್ಲ. ಎಲ್ಲ ಹೋಗಿ ಎದುರಿನ ಬೇಕರಿ ಮುಂದೆ ಟೀ ಕುಡಿಯುತ್ತಿದ್ದ ವಿರೋಧ ಪಕ್ಷದವನ ತಲೆ ಮೇಲೆ ಸುರಿಯಿತು. ಆತ ಗ್ಲಾಸು ಕೆಳಗಿಟ್ಟು ಎಲ್ಲರಿಗೂ ಕೈ ಮುಗಿದ.

"ಲೇ, ಯಾವ ಪಾರ್ಟಿಯವನ್ಲಾ ನೀನು?" ಹಿಂಬಾಲಕ ನನ್ನ ಕೊರಳಪಟ್ಟಿ ಹಿಡಿದ.

"ಹೂವು ತಾನೇ ಅಣ್ಣ, ಗಾಳಿ ಎತ್ತಲೋ ಅತ್ತ ಓಯ್ತು. ನಿಮ್ಮ ಸಾಹೇಬ್ರಿಗೆ ಇದೇನು ಹೊಸದಾ?"

ಗದ್ದೆ ಸಿಗಲಿಲ್ಲ.

ಟಾಟಾ

ಅರಕಲಗೂಡಿನ ಕಡೆ ಒಬ್ಬ ಶುಂಠಿ ಬೆಳೆಗಾರ, "ಮೊದ್ಲು ಬರೀ ನೀರು ಹೊಡೆದು ತೋರ್ಸು" ಅಂದ. ಊರಿಗೆ ಊರೇ ನೆರೆಯಿತು. ಅವರು ಡ್ರೋನ್ ಕಂಡಿದ್ದು ಮದುವೆಗಳಲ್ಲಿ ಮಾತ್ರ.

"ಇದ್ರಲ್ಲಿ ಕ್ಯಾಮೆರಾ ಇಲ್ಲ ಕಣ್ರವ್ವಾ! ನೀರು ಬೀಳ್ತದೆ, ಸರ್ಕೊಳ್ಳಿ!" ಅಂತ ಅರಚಿದೆ. ಯಾರು ಕೇಳುತ್ತಾರೆ? ತಲೆ ಬಾಚಿಕೊಂಡು, ಸೆರಗು ಸರಿಮಾಡಿಕೊಂಡು, ಡ್ರೋನ್ ಹೋದ ಕಡೆಯೆಲ್ಲ ಓಡಿ ನಗುತ್ತಾ ಕೈ ಬೀಸಿದರು. ಊರು ನೆಂದು ತೊಪ್ಪೆಯಾಯಿತು, ಶುಂಠಿಗೆ ಹನಿ ಬೀಳಲಿಲ್ಲ. "ಬ್ಯಾಡ ಬುಡಣ್ಣ" ಅಂದ ಹೊಲದವನು.

ಈಗಲೂ ಆ ಊರಿಂದ ಫೋನ್ ಬರುತ್ತದೆ: "ಅಣ್ಣ, ಫೋಟೋ ಇನ್ನೂ ಬಂದಿಲ್ವಲ್ಲ?"

ಪೂಜೆ

ಕೊನೆಗೆ ಹಳ್ಳಿಮೈಸೂರಿನ ಯಜಮಾನರೊಬ್ಬರು ಒಪ್ಪಿದರು. "ನಮ್ ಗದ್ದೆಗೆ ಹೊಡಿಯಪ್ಪ. ಚೆಂದಾಗಿ ಆದ್ರೆ ಬಯಲಿನ ಕೆಲಸವೆಲ್ಲ ನಿಂದೇ. ಆದ್ರೆ ಪೂಜೆ ಮಾಡ್ದೆ ಇಳಿಸಂಗಿಲ್ಲ."

ಅವರ ತಾಯಿ ಅರಿಶಿನ ಕುಂಕುಮ ಇಟ್ಟು, ಊದುಕಡ್ಡಿ ಬೆಳಗಿ, ಕಾಲಿಗೊಂದರಂತೆ ನಾಲ್ಕು ನಿಂಬೆಹಣ್ಣು ಇಟ್ಟರು. "ಹತ್ಸಪ್ಪ."

"ಇದಕ್ಕೆ ಚಕ್ರ ಇಲ್ಲ ಕಣಜ್ಜಿ. ಮುಂದಕ್ಕೆ ಓಗಲ್ಲ, ಮೇಲಕ್ಕೆ ಓಗ್ತದೆ."

"ಓಗಿ ಬಂದು ಹಣ್ಣಿನ ಮೇಲೇ ಇಳೀಲಿ. ಟ್ರ್ಯಾಕ್ಟರೇ ಹತ್ತಿ ಓಗ್ತದೆ, ಇದಕ್ಕೇನು ಕೊಬ್ಬು?"

ಎಬ್ಬಿಸಿದೆ. ಗಾಳಿಗೆ ಹಣ್ಣು ನಾಲ್ಕು ದಿಕ್ಕಿಗೆ ಉರುಳಿದವು. ಡ್ರೋನ್ ಆಕಾಶದಲ್ಲೇ ಕಾಯುತ್ತಿರುವಾಗ ಊರವರು ಅವನ್ನು ಅಟ್ಟಿಸಿಕೊಂಡು ಹೋಗಿ ತಂದಿಟ್ಟು ದೂರ ನಿಂತರು. ಇಳಿಸಲು ಹೋದೆ, ಮತ್ತೆ ಉರುಳಿದವು.

"ಯಾಕೋ ಶಕುನ ಸರಿಯಿಲ್ಲ ಕಣ್ಲಾ" ಅಂದ ಒಬ್ಬ. ಯಜಮಾನರ ಮುಖ ಗಂಟಾಯಿತು. ಈ ಗದ್ದೆಯೂ ಕೈತಪ್ಪುತ್ತಿದೆ! ಮೂಢನಂಬಿಕೆಯ ವಿರುದ್ಧ ಊರೂರು ಸುತ್ತಿ ಮೈಕ್ ಹರಿಯುವಂತೆ ಕಿರುಚಿದವನು ನಾನು. ಡ್ರೋನ್ ಪಕ್ಕಕ್ಕಿಳಿಸಿ, ಮಂಡಿಯೂರಿ, ಮಣ್ಣಲ್ಲಿ ಗುಳಿ ತೋಡಿ, ನಿಂಬೆಹಣ್ಣು ಅರ್ಧರ್ಧ ಹೂತೆ.

ಮತ್ತೆ ಮೇಲೆಬ್ಬಿಸಿ ಹಣ್ಣಿನ ಮೇಲೇ ಇಳಿಸಿದೆ. ಅಂತೂ ಪಚಕ್ಕೆಂದಿತು. ಊರು ಸಿಳ್ಳೆ ಹಾಕಿತು. ಡ್ರೋನ್ ಕೀ ಕೀ ಅಂದು ಸುಮ್ಮನಾಯಿತು.

"ಬ್ಯಾಟರಿ ಮುಗೀತು ಯಜಮಾನ್ರೆ. ಇವತ್ತು ಗದ್ದೆಗಾಗಲ್ಲ."

"ಓಗ್ಲಿ ಬುಡು, ಪೂಜೆ ಚೆನ್ನಾಗಾಯ್ತಲ್ಲ! ಔಷಧಿ ನಮ್ಮಾಳು ಹೊಡ್ಕತಾನೆ."

ಡ್ರೋನ್ ಮಡಚುತ್ತಾ ಹಲ್ಲು ಕಡಿಯುತ್ತಿದ್ದೆ. ಗುಂಪಿನಿಂದೊಬ್ಬ ಹತ್ತಿರ ಬಂದ. "ಅಣ್ಣೋ, ಸಾಲಗಾಮೆ ಊರ್ನಲ್ಲಿ ಮೂರಂತಸ್ತಿನ ಮನೆ ಕಟ್ಸಿವ್ನಿ. ದೃಷ್ಟಿ ತೆಗೆಯೋಕೆ ಕುಂಬಳಕಾಯಿ ನೀವಾಳಿಸ್ಬೇಕು, ಮೇಲ್ಗಂಟ ಕೈ ಎಟುಕಲ್ಲ. ನಿಮ್ ಡ್ರೋನ್ ಬತ್ತದಾ?"

ಉರಿದು ಬಿದ್ದೆ. ವಿಜ್ಞಾನ, ವಿವೇಕ, ನಾಚಿಕೆ, ಎಲ್ಲದರ ಮೇಲೂ ಅಲ್ಲೇ ನಿಂತು ಭಾಷಣ ಬಿಗಿದೆ. ಆತ ಪಾಪ, ಪೂರ್ತಿ ಕೇಳಿಸಿಕೊಂಡ. ಆಮೇಲೆ, "ಆಯ್ತು, ಬತ್ತೀಯೋ ಇಲ್ವೋ?" ಅಂದ.

"ಕುಂಬಳಕಾಯಿ ಎಷ್ಟು ತೂಕ ಐತೆ?" ಅಂದೆ.