ಹನೂರಿನಲ್ಲಿ ಮಸ್ಕತ್ ಟೈಮು

ನಮ್ಮ ಭಾವನಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳಿದರೆ ನೀವು ನಂಬುವುದಿಲ್ಲ. ನಾದಿನಿಯರು ಹೇಳುವುದೆಲ್ಲ ಹೀಗೇ ಎಂದು ನಕ್ಕುಬಿಡುತ್ತೀರಿ. ಹಾಗಿದ್ದರೆ ಹನೂರಿನಲ್ಲಿ ಯಾರನ್ನಾದರೂ ಕೇಳಿ ನೋಡಿ. ಕಳೆದ ಬೇಸಿಗೆಯಲ್ಲಿ ಇಡೀ ಊರಿಗೆಲ್ಲ ಒಂದು ಟೈಮಾದರೆ ಅವರ ಮನೆಗೇ ಒಂದು ಟೈಮು!

ನಮ್ಮಕ್ಕ ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ನರ್ಸು. ಹೋಗಿ ಎರಡು ವರ್ಷವಾಗಿತ್ತು. ಭಾವನಿಗೆ ಹನೂರಿನಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿ. ರೈತರ ಸುಟ್ಟುಹೋದ ಪಂಪ್‌ಸೆಟ್ಟುಗಳಿಗೆ ಹೊಸ ತಂತಿ ಸುತ್ತಿಕೊಡುವ ಕೆಲಸ. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಆರು, ಚಿಕ್ಕವಳಿಗೆ ಮೂರು. ಅಕ್ಕ ಹೊರಟಾಗ ಚಿಕ್ಕವಳು ಇನ್ನೂ ಅಂಬೆಗಾಲಿನ ಕೂಸು. ಬೇಸಿಗೆ ರಜೆಗೆ ಭಾವ ಇಬ್ಬರನ್ನೂ ಕರೆದುಕೊಂಡು ಮಸ್ಕತ್ತಿಗೆ ಹೋಗಿಬರುವುದೆಂದು ನಿಶ್ಚಯವಾಯಿತು. ಎಲ್ಲರಿಗೂ ರಜೆಯಿತ್ತು, ಅಕ್ಕನಿಗೆ ಮಾತ್ರ ಸಿಗಲಿಲ್ಲ. ಬೆಳಗಿನ ಕತ್ತಲಲ್ಲೇ ಆಸ್ಪತ್ರೆಯ ವ್ಯಾನು ಬಂದು ಹಾರ್ನ್ ಹೊಡೆಯುತ್ತದೆ. ಅವಳು ತಿರುಗಿ ಮನೆ ಸೇರುವುದು ರಾತ್ರಿ ಎಂಟಕ್ಕೆ. ಆಗ ನಮ್ಮಲ್ಲಿ ಒಂಬತ್ತೂವರೆ. ಈ ಹುಡುಗಿಯರೋ ಎಂಟಾಗುವ ಮೊದಲೇ ಉಂಡ ತಟ್ಟೆಯ ಮುಂದೆಯೇ ತೂಕಡಿಸುವವರು. ಒಮ್ಮೆ ಮಲಗಿದರೆ ಕಿವಿಯ ಹತ್ತಿರ ತಮಟೆ ಹೊಡೆದರೂ ಏಳುವುದಿಲ್ಲ.

"ನಾ ಮನೆಗ್ ಬರೋ ಒತ್ಗೆ ಮಕ್ಳು ಎಚ್ರವಾಗಿದ್ರೆ ಸಾಕು. ಇನ್ನೇನೂ ಬ್ಯಾಡ" ಎಂದು ಅಕ್ಕ ಫೋನಿನಲ್ಲಿ ಹೇಳಿದಳಂತೆ. ಅಷ್ಟು ಹೇಳಿದ್ದೇ ತಪ್ಪಾಯಿತು.

"ಒಂದೂವರೆ ಗಂಟೆ ತಾನೆ ಬಾವ, ಮಧ್ಯಾಹ್ನ ಚೆನ್ನಾಗಿ ಮಲಗಿಸಿದ್ರೆ ಆಯ್ತಪ್ಪ" ಎಂದೆ ನಾನು. ಯಳಂದೂರಿನಲ್ಲಿ ಒಂದು ಕ್ಲಾಸು ತುಂಬ ಮಕ್ಕಳನ್ನು ಸಂಭಾಳಿಸುವ ಟೀಚರು ನಾನು, ಅಷ್ಟೂ ಗೊತ್ತಾಗುವುದಿಲ್ಲವೇ? ಭಾವ ನನ್ನನ್ನು ನೋಡಿ ಮರುಕಪಟ್ಟರು.

"ನಿಂಗೇನ್ ಗೊತ್ತು ಕಣವ್ವ. ಒಂದೇ ಸಲ ಲೋಡ್ ಕೊಟ್ರೆ ಕಾಯ್ಲು ಸುಟ್ಟೋಯ್ತದೆ. ನಿದಾನುಕ್ಕೆ ಏರುಸ್ಬೇಕು."

ಮಕ್ಕಳಿಗೂ ಮೋಟಾರಿಗೂ ವ್ಯತ್ಯಾಸ ತಿಳಿಯದ ಮನುಷ್ಯನಿಗೆ ಹೆಣ್ಣು ಕೊಟ್ಟವರು ನಾವೇ. ಇನ್ನು ಯಾರನ್ನು ಬಯ್ಯುವುದು?

ಹೊರಡಲು ಒಂದು ತಿಂಗಳಿರುವಾಗಲೇ ಶುರುವಾಯಿತು. ಎರಡು ಮೂರು ದಿನಕ್ಕೊಮ್ಮೆ ಗೋಡೆ ಗಡಿಯಾರದ ಮುಳ್ಳನ್ನು ಒಂದಿಷ್ಟು ಹಿಂದಕ್ಕೆ ತಳ್ಳುವುದು. ಅದರ ಹಿಂದೆಯೇ ಊಟ, ಸ್ನಾನ, ನಿದ್ದೆ ಎಲ್ಲವೂ ಅಷ್ಟಷ್ಟೇ ತಡ. ಹಾಲಿನವಳು ಬಾಯಿ ತಪ್ಪಿ "ಏಳಾಯ್ತು" ಎಂದರೆ ಅವಳಿಗೊಂದು ಗದರಿಕೆ. ಟಿವಿಯ ನ್ಯೂಸ್ ಚಾನೆಲ್ಲಿನ ಮೂಲೆಯಲ್ಲಿ ಟೈಮು ಕಾಣುತ್ತದಲ್ಲ, ಅದರ ಮೇಲೆ ಅಂಗಡಿಯ ಕರಿ ಇನ್ಸುಲೇಷನ್ ಟೇಪು ಅಂಟಿಸಿದರು. ಮೂರು ವರ್ಷದ ಕೂಸಿಗೆ ಗಡಿಯಾರ ನೋಡಲು ಬರುತ್ತದೆಯೇ ಎಂದು ಮಾತ್ರ ಕೇಳಬೇಡಿ. ನಾನು ಕೇಳಿ ಬೈಸಿಕೊಂಡಿದ್ದೇನೆ.

ಮನುಷ್ಯರೆಲ್ಲ ಹೇಗೋ ಹೊಂದಿಕೊಂಡರು. ಪಕ್ಕದ ಮನೆಯ ಹುಂಜ ಹೊಂದಿಕೊಳ್ಳಲಿಲ್ಲ. ರಾತ್ರಿ ತಮಟೆಗೂ ಏಳದ ಮಕ್ಕಳು ಬೆಳಗಿನ ಜಾವ ಅದು ಕೂಗಿದ ಕೂಡಲೇ ಎದ್ದು ಕೂರುತ್ತಿದ್ದವು. ಆ ಮನೆಯ ಯಜಮಾನ ಬಂಡಳ್ಳಿ ಕಡೆಯವನು, ಭಾವನ ಅಂಗಡಿಯ ಗಿರಾಕಿ. ಭಾವ ಅವನ ಬಾಗಿಲಿಗೆ ಹೋಗಿ, ಹುಂಜದ ಮಂಕರಿಯ ಮೇಲೆ ಗೋಣಿಚೀಲ ಹೊದಿಸಿ ಬಿಸಿಲೇರುವತನಕ ತೆಗೆಯಬೇಡ ಎಂದು ಬೇಡಿಕೊಂಡರು. ಅವನು ಎಲ್ಲವನ್ನೂ ಸಮಾಧಾನವಾಗಿ ಕೇಳಿ, "ಮುಚ್ತೀನಿ ಬುಡಿ ಸಾ. ನಮ್ ಉಂಜುಕ್ಕೂ ಟಿಕೆಟ್ ತಗ್ಸಿದ್ದೀರಾ?" ಎಂದನಂತೆ.

ನನ್ನ ಪಾಡೂ ಹೇಳುತ್ತೇನೆ. ಮಕ್ಕಳಿಗೆ ಹೊಸ ಬಟ್ಟೆ ಕೊಳ್ಳಲು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿಗೆ ಹತ್ತು ಗಂಟೆಗೆ ಬಾ ಎಂದಿದ್ದರು. ಯಳಂದೂರಿನಿಂದ ಬಂದು ಬಿಸಿಲಿನಲ್ಲಿ ನಿಂತೆ. ನಿಂತೇ ಇದ್ದೆ. ಹನ್ನೊಂದೂವರೆಗೆ ಭಾವ ಬಸ್ಸಿಳಿದು, ಕೈಗಡಿಯಾರ ತೋರಿಸಿ, "ಕರೆಕ್ಟಾಗಿ ಅತ್ತುಕ್ಕೇ ಬಂದಿವ್ನಿ ನೋಡವ್ವ" ಎಂದರು. ಅವರನ್ನು ಏನು ಮಾಡಬೇಕು ಹೇಳಿ! ಆಗಲೇ ನನಗೊಂದು ಸತ್ಯ ಹೊಳೆಯಿತು. ನಮ್ಮ ಕಡೆಯ ಬಸ್ಸುಗಳೆಲ್ಲ ಇಷ್ಟು ವರ್ಷದಿಂದ ಮಸ್ಕತ್ ಟೈಮಿಗೇ ಸರಿಯಾಗಿ ಓಡುತ್ತಿವೆ. ನಾವು ತಿಳಿಯದೆ ತಡ ಎಂದು ಬಯ್ಯುತ್ತಿದ್ದೇವೆ.

ಹೊರಡುವ ದಿನ ಕೊಳ್ಳೇಗಾಲದ ನಮ್ಮವ್ವನ ಮನೆಯಿಂದ ಟ್ಯಾಕ್ಸಿ. ಪೆಟ್ಟಿಗೆಗಳು ಏರಿದ್ದವು, ಮಕ್ಕಳು ಕೂತಿದ್ದವು. ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಈಗ ರಾವುಕಾಲ ಕಣಪ್ಪ. ಮುಗುದ್ ಮೇಲೆ ಓಗಿ."

ಭಾವ ಕೈಗಡಿಯಾರ ನೋಡಿದರು. "ಮಸ್ಕತ್ತಲ್ಲಿ ಇನ್ನೂ ಸುರುವಾಗಿಲ್ಲ ಅತ್ತೆ. ಇಲ್ಲಿ ಮುಗುದ್ ತಕ್ಸಣ ಅಲ್ಲಿ ಸುರುವಾಯ್ತದೆ. ಅದ್ಕೇ ಈಗ್ಲೇ ಒಂಟ್ರೆ ಒಳ್ಳೇದು."

ರಾಹುಕಾಲ ಒಂದೂವರೆ ಗಂಟೆ, ಮಸ್ಕತ್ತು ನಮಗಿಂತ ಹಿಂದಿರುವುದೂ ಒಂದೂವರೆ ಗಂಟೆ. ಲೆಕ್ಕದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ! ಪಂಚಾಂಗ ಬರೆದವರೂ ಈ ಮಾತಿಗೆ ತಲೆ ಕೆರೆದುಕೊಳ್ಳುತ್ತಿದ್ದರು. ಅವ್ವ ಸ್ವಲ್ಪ ಹೊತ್ತು ಯೋಚಿಸಿ, "ಪಾಪ, ಇಲ್ಲಿ ಮುಗುಸ್ಕಂಡು ಅಲ್ಲಿಗೆ ಓಡ್ಬೇಕಾ. ರಾವೂಗೂ ನಮ್ ಉಡ್ಗಿ ತರಾನೇ ಬಿಡುವಿಲ್ಲ ಅನ್ನು" ಎಂದು ದಾರಿ ಬಿಟ್ಟಳು.

ಹೋದರು. ಮಾರನೆಯ ದಿನ ರಾತ್ರಿ ಅಕ್ಕನ ಫೋನು ಬಂತು.

ಹಿಂದಿನ ರಾತ್ರಿ ಅವಳು ಬಾಗಿಲು ತೆಗೆದಾಗ ಹುಡುಗಿಯರಿಬ್ಬರೂ ಕಣ್ಣರಳಿಸಿಕೊಂಡು ಕೂತಿದ್ದರಂತೆ. ದೊಡ್ಡವಳು ಓಡಿ ಬಂದು ತಬ್ಬಿಕೊಂಡಳು. ಚಿಕ್ಕವಳು ಗೋಡೆಗೊರಗಿ ನಿಂತು ಬಹಳ ಹೊತ್ತು ನೋಡಿದಳಂತೆ. ಆಮೇಲೆ ಮೆಲ್ಲಗೆ ಹತ್ತಿರ ಬಂದು, ಅಮ್ಮನ ಕೆನ್ನೆ ಮುಟ್ಟಿ, "ನೀನು ನಾಳೆನೂ ಬತ್ತೀಯಾ?" ಎಂದು ಕೇಳಿದಳಂತೆ. ಇದನ್ನು ಹೇಳುತ್ತ ಅಕ್ಕ ಅತ್ತಳು. ನಾನೂ ಅತ್ತುಬಿಟ್ಟೆ.

"ಬಾವ ಏನಂದ್ರು?" ಎಂದೆ.

"ಅವ್ರೆಲ್ಲಿ ನೋಡುದ್ರು? ಕುರ್ಚಿಲೇ ಬಾಯಿ ಬುಟ್ಕಂಡು ನಿದ್ದೆ ಒಡೀತಿದ್ರು. ನಾನೂ ಎಬ್ಬುಸ್ನಿಲ್ಲ."

ಒಂದು ತಿಂಗಳು ರಾತ್ರಿ ಮಕ್ಕಳ ಜೊತೆ ಆಟವಾಡುತ್ತ ಎದ್ದಿದ್ದು, ಬೆಳಿಗ್ಗೆ ರೈತರು ಬರುವ ಹೊತ್ತಿಗೆ ನಮ್ಮ ಟೈಮಿಗೇ ಅಂಗಡಿ ಬಾಗಿಲು ತೆಗೆದವರು ಅವರು. ತಾವು ಯಾವಾಗ ಮಲಗಿದರೋ, ನಾವು ಯಾರೂ ಕೇಳಿರಲಿಲ್ಲ. ನನಗೆ ಅದೆಲ್ಲ ಆಗ ಹೊಳೆಯಲೂ ಇಲ್ಲ. ಅಳು ಮುಚ್ಚಿಕೊಳ್ಳಬೇಕಿತ್ತು, ಅದಕ್ಕೆ ಭಾವನನ್ನು ಕೆಣಕುವುದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ಫೋನು ಅವರ ಕೈಗೆ ಕೊಡು ಎಂದೆ.

"ಏನ್ ಬಾವ, ಒಂದ್ ತಿಂಗ್ಳು ಇಡೀ ಊರ್ನ ಕುಣಿಸಿ, ನೋಡೋ ಒತ್ನಲ್ಲಿ ನೀವೇ ಗೊರಕೆ ಒಡುದ್ರಂತೆ?"



"ನಾನ್ ಎರಡೊರ್ಸದಿಂದ ಮಕ್ಳನ್ನ ದಿನಾ ನೋಡ್ತಾವ್ನಿ ಕಣವ್ವ" ಎಂದರು ಭಾವ. "ನೋಡ್ದೆ ಇದ್ದೋಳು ಅವ್ಳು. ಅವ್ಳು ನೋಡುದ್ಲಲ್ಲ."