ನಿಷ್ಕಾಮ ಸೇಬು

ಆ ವರ್ಷದ ಮೊದಲ ಸೇಬು ಫಿಲೀನೋಸನ ಕೈಗೆ ಸಿಕ್ಕಿದ್ದೇ ಎಲ್ಲ ಫಜೀತಿಗೂ ಕಾರಣ. ಅಥೆನ್ಸಿನ ಬಂದರು ಓಣಿಯಲ್ಲಿ ತಾವು ಮನಸ್ಸಿಟ್ಟವರ ಕಡೆಗೆ ಸೇಬು ಎಸೆಯುತ್ತಾರೆ. ಹಿಡಿದವರು ಕಚ್ಚಿದರೆ ಒಪ್ಪಿದ ಹಾಗೆ. ಫಿಲೀನೋಸನ ಮನಸ್ಸು ಪಕ್ಕದ ಮನೆಯ ಕುಂಬಾರನ ಮಗಳು ಮೆಲಿಟ್ಟಳ ಮೇಲಿತ್ತು. ಅವಳು ಬಟ್ಟೆ ಒಣಗಹಾಕಿದರೆ ಇವನಿಗೆ ಮೋಡ ತೇಲಿದಂತೆ ಕಾಣುತ್ತಿತ್ತು. ಅವಳಿಲ್ಲದೆ ಬದುಕೇ ಸಪ್ಪೆ ಎಂದು ಖಾತ್ರಿಯಾಗಿಬಿಟ್ಟಿತ್ತು.

ಸುಮ್ಮನೆ ಎಸೆದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಪುಣ್ಯಾತ್ಮ ತತ್ವಶಾಸ್ತ್ರ ಕಲಿಯುತ್ತಿದ್ದ. ಸೇಬು ಹಿಡಿದುಕೊಂಡು ಗುರು ಯೂಕ್ರಿಟೋಸರ ಬಳಿ ಹೋದ.

“ಯಾವ ಪ್ರೀತಿನಯ್ಯಾ ಇದು?” ಗುರುಗಳು ಅಂಜೂರ ಅಗಿಯುತ್ತ ಕೇಳಿದರು. “ಮೈ ಬಯಸೋದು ಒಂದು, ಗೆಳೆತನದ್ದು ಒಂದು, ಹೆತ್ತ ಕರುಳಿಂದು ಒಂದು. ಎಲ್ಲಕ್ಕಿಂತ ಮೇಲಿಂದು, ಏನನ್ನೂ ಬಯಸದ ಪ್ರೀತಿ. ನಿಂದು ಯಾವುದು ಅಂತ ತಿಳ್ಕೊಂಡು ಎಸಿ. ನಡಿ, ನಾನೂ ಬರ್ತೀನಿ.”

ಓಣಿಯಲ್ಲಿ ಫಿಲೀನೋಸ್ ಸೇಬನ್ನೇ ನೋಡುತ್ತ ನಿಂತ. ಎಣ್ಣೆ ಮಾರುವ ಗ್ಲೂಕಕ್ಕನಿಗೆ ತಡೆಯಲಾಗಲಿಲ್ಲ.

“ಏನ್ ತಮ್ಮಾ, ಮೊಟ್ಟೆ ಥರ ಕಾವು ಕೊಡ್ತಿದೀಯಾ? ಅವಳಪ್ಪ ಗಂಡು ಹುಡುಕ್ತಿದಾನೆ, ಬೇಗ ಎಸಿ! ಮೆಲಿಟ್ಟಾ, ಬಾರೇ ಗೋಡೆ ಹತ್ರ!”

ಓಣಿಗೆ ಓಣಿಯೇ ಹೊರಗೆ ಬಂತು. ಗಾಬರಿಯಲ್ಲಿ ಇವನು ಕಣ್ಣು ಮುಚ್ಚಿ ಎಸೆದ. ಸೇಬು ಒಣಗಲಿಟ್ಟ ಹೂಜಿಯೊಂದನ್ನು ಒಡೆದು, ಪುಟಿದು, ಗೋಡೆಯ ಬಳಿ ಬಂದು ನಿಂತಿದ್ದ ಮೆಲಿಟ್ಟಳ ಕೈಗೆ ಬಿತ್ತು.

“ಅಯ್ಯೋ ನನ್ನ ಹೂಜಿ!” ಎಂದು ಕುಂಬಾರ ಒಳಗಿನಿಂದ ಕೂಗಿದ.

ಮೆಲಿಟ್ಟ ನಕ್ಕಳು. “ಇದಕ್ಕೆ ಬದಲಾಗಿ ನಿಂಗೇನು ಬೇಕು?”

ನೀನು ಬೇಕು ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಗುರುಗಳು ಗಡ್ಡ ನೀವುತ್ತ ನೋಡುತ್ತಿದ್ದರು.

“ಏ... ಏನೂ ಬೇಡ! ನಂದು ಎಲ್ಲಕ್ಕಿಂತ ಮೇಲಿನ ಪ್ರೀತಿ. ನೀನು ಸುಖವಾಗಿದ್ರೆ ಸಾಕು.”

“ಅಥೀನಾದೇವಿ ಆಣೆಗೂ?”

“ಆಣೆಗೂ!”

ಅವಳ ಕೆನ್ನೆ ಕೆಂಪಾಯಿತು. “ಹಾಗಾದ್ರೆ ಸಂಜೆ ಬಾವಿ ಹತ್ರ ಬಾ.”

ಆ ಮಧ್ಯಾಹ್ನ ಫಿಲೀನೋಸ್ ನೆಲದ ಮೇಲೆ ನಡೆಯಲಿಲ್ಲ. ಸಮುದ್ರ ಅವಳ ಹೆಸರನ್ನೇ ಹೇಳಿಕೊಂಡು ದಡಕ್ಕೆ ಬರುತ್ತಿತ್ತು. ಬೆಟ್ಟದಿಂದ ಇಳಿದ ಗಾಳಿಗೆ ಜೇನಿನ ವಾಸನೆಯಿತ್ತು. ಆಲಿವ್ ಮರದ ನೆರಳಿನಲ್ಲಿ ಮಲಗಿ ಮನಸ್ಸಿನಲ್ಲೇ ಮದುವೆ ಮಾಡಿಕೊಂಡ, ಹುಟ್ಟುವ ಮಕ್ಕಳಿಗೆ ಹೆಸರನ್ನೂ ಇಟ್ಟ. ಎಷ್ಟು ಸುಖವಾಗಿತ್ತೆಂದರೆ ಊಟವನ್ನೇ ಮರೆತ.

ಸಂಜೆ ಬಾವಿಕಟ್ಟೆಯ ಸುತ್ತ ಓಣಿಯೆಲ್ಲ ನೆರೆದಿತ್ತು. ಮೆಲಿಟ್ಟ ಸೇಬು ಹಿಡಿದು ಬಂದಳು, ಇವನನ್ನು ನೋಡಿ ನಕ್ಕಳು, ಕೈ ಬೀಸಿ ಎಸೆದಳು. ಸೇಬು ಇವನ ತಲೆಯ ಮೇಲೆ ಹಾದು, ಹಿಂದೆ ಬಲೆ ಹೊತ್ತು ನಿಂತಿದ್ದ ಬೆಸ್ತರ ಡ್ರೋಮೋನನ ಕೈ ಸೇರಿತು. ಪ್ರೀತಿಯಲ್ಲಿ ಎಷ್ಟು ಬಗೆ ಎಂದು ಒಮ್ಮೆಯೂ ಯೋಚಿಸದ ಡ್ರೋಮೋನ್ ಅದನ್ನು ಕರಕ್ಕನೆ ಕಚ್ಚಿದ.

“ಡ್ರೋಮೋನಂಗೆ ಎಸೆಯೋಕೆ ಎಷ್ಟು ದಿನದಿಂದ ಒಂದು ಸೇಬಿಗೆ ಕಾಯ್ತಿದ್ದೆ ಗೊತ್ತಾ?” ಮೆಲಿಟ್ಟಳ ಕಣ್ಣು ತುಂಬಿತ್ತು. “ನಿನ್ನಂಥೋರು ಯಾರೂ ಇಲ್ಲ ಫಿಲೀನಣ್ಣಾ!”

ಗುರುಗಳು ಓಡಿಬಂದು ತಬ್ಬಿಕೊಂಡರು. “ಇಷ್ಟು ವರ್ಷ ಪಾಠ ಹೇಳಿದೀನಿ. ಮೇಲಿನ ಪ್ರೀತಿ ಮುಟ್ಟಿದ ಶಿಷ್ಯ ನೀನೊಬ್ನೇ ಕಣಯ್ಯಾ!”

“ಗುರುಗಳೇ,” ಫಿಲೀನೋಸ್ ಅವರ ಹೆಗಲ ಮೇಲೆ ಬಿಕ್ಕಿದ, “ನಂಗೆ ಕೆಳಗಿಂದೇ ಸಾಕಾಗಿತ್ತು.”

ಅಷ್ಟರಲ್ಲಿ ಕುಂಬಾರ ಒಡೆದ ಹೂಜಿ ಹಿಡಿದು ಅವನನ್ನೇ ಹುಡುಕಿಕೊಂಡು ಬಂದ.