ಹಿತ್ತಲ ಜಳಕದ ಸೆಮಿಸ್ಟರ್

ಕಲಿತದ್ದು ತಲೆಯಲ್ಲಿ ಉಳಿಯುತ್ತದೆ ಎನ್ನುವವರು ನನ್ನ ಆರನೆಯ ಸೆಮಿಸ್ಟರನ್ನು ನೋಡಿಲ್ಲ. ನಾನು ಕಲಿತದ್ದು ಮೂಗು, ಕಣ್ಣು, ಜಡೆ, ದುಪಟ್ಟಾ ಹೀಗೆ ಸಿಕ್ಕಸಿಕ್ಕಲ್ಲಿ ಉಳಿದುಕೊಂಡಿತ್ತು. ಹಾವೇರಿಯ ನಮ್ಮ ಎಂಜಿನಿಯರಿಂಗ್ ಕಾಲೇಜಿನವರಿಗೆ ಆ ವರ್ಷ ಹೊಸ ಹುಮ್ಮಸ್ಸು ಬಂದಿತ್ತು. ಒಂದು ಸೆಮಿಸ್ಟರ್ ಪೂರ್ತಿ ನಾವು ಕಾರ್ಖಾನೆಯಲ್ಲಿ ದುಡಿಯಬೇಕು, ಅಲ್ಲಿನ ಒಂದು ತೊಂದರೆಯನ್ನು ಬಗೆಹರಿಸಬೇಕು, ಇಲ್ಲದಿದ್ದರೆ ಮತ್ತೆ ಮೊದಲಿನಿಂದ ಅದೇ ಸೆಮಿಸ್ಟರ್. ಗೆಳತಿಯರಿಗೆ ಗಾಜಿನ ಬಾಗಿಲಿನ, ಎ.ಸಿ. ಇರುವ ಕಂಪನಿಗಳು ಸಿಕ್ಕವು. ನನಗೆ ಸಿಕ್ಕದ್ದು ಬ್ಯಾಡಗಿಯ ಖಾರಪುಡಿ ಕಾರ್ಖಾನೆ. ಅಲ್ಲಿನ ತೊಂದರೆಯನ್ನು ಹುಡುಕುವ ಕಷ್ಟವೇ ಬೀಳಲಿಲ್ಲ. ಬಾಗಿಲು ದಾಟುವ ಮೊದಲೇ ಅದು ಮೂಗಿಗೆ ಬಂತು. ನಮ್ಮ ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ ಎನ್ನುತ್ತಾರೆ. ಹಾಗೆನ್ನುವವರು ಅದನ್ನು ತಿಂದವರು, ಉಸಿರಾಡಿದವರಲ್ಲ.

ಮೊದಲ ದಿನ ಸಂಜೆ ಅಗಡಿಯ ನಮ್ಮ ಮನೆಯೊಳಗೆ ಕಾಲಿಟ್ಟೆನೋ ಇಲ್ಲವೋ, ಅಪ್ಪ, ಅವ್ವ, ತಮ್ಮ, ಕೊಟ್ಟಿಗೆಯ ಎಮ್ಮೆ ಸಮೇತ ಎಲ್ಲರೂ ಸೀನತೊಡಗಿದರು. ಮರುದಿನ ನನ್ನ ಅಜ್ಜಿ, ನಾವು ಆಯಿ ಎನ್ನುತ್ತೇವೆ, ಹೊಸ್ತಿಲಿಗೆ ಅಡ್ಡ ನಿಂತಳು. "ಒಳಗ ಬರಬ್ಯಾಡ! ಹಿತ್ತಲಕ್ಕ ಹೋಗು. ಅರಬಿ ಸಮೇತ ತಲಿ ಮ್ಯಾಲ ನೀರ ಹಾಕ್ಕೊಂಡ ಬಾ." ನಮ್ಮ ಕಡೆ ಹೊಸ್ತಿಲು ಮುಟ್ಟದೆ ಹಿತ್ತಲಿಗೆ ಹೋಗಿ, ಉಟ್ಟ ಬಟ್ಟೆಯಲ್ಲೇ ಜಳಕ ಮಾಡುವವರು ಒಂದೇ ಥರದ ಜನ, ಸತ್ತವರಿಗೆ ಮಣ್ಣು ಕೊಟ್ಟು ಬಂದವರು. ಅದರ ಮೇಲೆ ನನ್ನ ಕೆಂಪು ಕಣ್ಣು, ಸೋರುವ ಮೂಗು. ಪಕ್ಕದ ಮನೆಯ ಗಂಗವ್ವ ಗೋಡೆಯ ಮೇಲಿಂದ ಇಣುಕಿ, "ಯಾರ್ ಹೋದ್ರವಾ?" ಎಂದಳು.

"ಯಾರೂ ಹೋಗಿಲ್ಲ ದೊಡ್ಡವ್ವ. ನಾನ ಬ್ಯಾಡಗಿಗೆ ಹೋಗಿದ್ದೆ."

ಅವಳು ನಂಬಲಿಲ್ಲ. ಮರುದಿನ ಮತ್ತೆ ಕೇಳಿದಳು, ಅದರ ಮರುದಿನವೂ ಕೇಳಿದಳು. ವಾರದ ಕೊನೆಗೆ ಆಯಿಯನ್ನೇ ಹಿಡಿದಳು. "ನಿಮ್ಮ ಬಳಗ ದೊಡ್ಡದು, ಖರೇ. ಆದ್ರ ಹಿಂಗ ದಿನಾ ಒಬ್ಬೊಬ್ರು ಹೋದ್ರ ಹೆಂಗ?"

"ಯಾರೂ ಸತ್ತಿಲ್ಲವಾ," ಎಂದಳು ಆಯಿ. "ಹುಡುಗಿ ಇಂಜಿನೇರ್ ಆಗಾಕತ್ತಾಳ." ಗಂಗವ್ವ ಅದಕ್ಕೂ ಸತ್ತವರಿಗೆ ಬಿಡುವಂಥ ನಿಟ್ಟುಸಿರನ್ನೇ ಬಿಟ್ಟಳು.

ಕಾರ್ಖಾನೆಯಲ್ಲಿ ನಾನು ಆರಿಸಿಕೊಂಡ ತೊಂದರೆ ಸಹಜವಾಗಿಯೇ ಧೂಳು. ಗಿರಣಿಯ ಮೇಲೆ ತಗಡಿನ ಮುಚ್ಚಿಗೆ ಕಟ್ಟಿಸಿದೆ, ಒಂದು ದೊಡ್ಡ ಫ್ಯಾನು ಕೂರಿಸಿದೆ, ಧೂಳನ್ನು ಎಳೆದು ಹೊರಹಾಕಲು ಪೈಪು ಜೋಡಿಸಿದೆ. ನಕ್ಷೆಯಲ್ಲಿ ಪೈಪಿನ ತುದಿಗೆ ಬಾಣ ಬರೆದು 'ಹೊರಗೆ' ಎಂದು ನಮೂದಿಸಿದ್ದೆ. ಹೊರಗೆ ಎಂಬಲ್ಲಿ ಏನಿದೆ ಎಂದು ನಕ್ಷೆಯಲ್ಲಿ ಕೇಳಿರಲಿಲ್ಲ, ನಾನೂ ನೋಡಿರಲಿಲ್ಲ. ಪರೀಕ್ಷೆ ಮಾಡಲು ರಾಣೆಬೆನ್ನೂರಿನ ತಮ್ಮ ಮನೆಯಿಂದ ನಮ್ಮ ಕಾಲೇಜಿನ ಮೇಷ್ಟ್ರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಾಲೀಕರ ಆಫೀಸಿನಲ್ಲಿ ಕಿಟಕಿ ಪಕ್ಕದ ಕುರ್ಚಿ, ಕೈಯಲ್ಲಿ ಚಹಾ. ನಾನು ದೇವರನ್ನು ನೆನೆದು ಫ್ಯಾನು ಹಾಕಿದೆ.

ಒಳಗಿನ ಗಾಳಿ ನೋಡನೋಡುತ್ತ ತಿಳಿಯಾಯಿತು. ಮೂಗಿಗೆ ಸೆರಗು ಕಟ್ಟಿಕೊಂಡೇ ದುಡಿಯುತ್ತಿದ್ದ ಹೆಂಗಸರು ಅದನ್ನು ಬಿಚ್ಚಿ ನಕ್ಕರು. ಅವರ ಪೂರ್ತಿ ಮುಖವನ್ನು ನಾನು ನೋಡಿದ್ದೇ ಅಂದು. ಎಷ್ಟು ಖುಷಿಯಾಯಿತೆಂದರೆ ಪೈಪಿನ ಬಾಯಿ ಆಫೀಸಿನ ಕಿಟಕಿಗೇ ಎದುರಾಗಿದೆ ಎಂಬುದು ಮೇಷ್ಟ್ರ ಸೀನು ಕೇಳುವವರೆಗೂ ಹೊಳೆಯಲಿಲ್ಲ. ಓಡಿಹೋದೆ. ಅಂಗಿ ನಸುಗೆಂಪಾಗಿತ್ತು, ಕಣ್ಣಲ್ಲಿ ಧಾರೆ ಸುರಿಯುತ್ತಿತ್ತು. ಮಾಲೀಕರು ಸೀನುಗಳ ನಡುವೆಯೇ ನನ್ನ ಪರ ವಾದಿಸುತ್ತಿದ್ದರು. "ನೋಡ್ರಿ ಸರ್, ಒಳಗ ಒಂದ್ ಚೂರ ಘಾಟಿಲ್ಲ! ಎಂಥಾ ಕೆಲಸ ಮಾಡ್ಯಾಳ ನಮ್ಮ ಹುಡುಗಿ!" ಮೇಷ್ಟ್ರು ಅಂಕದ ಹಾಳೆಯನ್ನು ಖಾಲಿಯಾಗಿಯೇ ಮಡಚಿ ಜೇಬಿಗಿಟ್ಟು, ಸೀನುತ್ತಲೇ ಬಸ್ಸು ಹತ್ತಿದರು. ಮತ್ತೆ ಆರು ತಿಂಗಳು ಇದೇ ಖಾರ, ಇದೇ ಜಳಕ ಎಂದು ನೆನೆದು ಅಂದು ನಾನು ನಿಜವಾಗಿಯೇ ಅತ್ತೆ. ದಿನದ ಖಾರದ ಕಣ್ಣೀರೇ ಇರಬೇಕೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

ಮರುದಿನ ಮೇಷ್ಟ್ರು ಕಾಲೇಜಿಗೆ ಕರೆಸಿದರು. "ಪೈಪಿನ ಬಾಯಿ ಎತ್ತಾಗ ಐತಿ ಅಂತ ನೋಡಬೇಕಿಲ್ಲೇನು? ನಮ್ಮ ಮನ್ಯಾಗ ನನ್ನ ಹಿತ್ತಲದಾಗ ನಿಲ್ಲಿಸಿ ನೀರ ಹಾಕಿದ್ರು. ಯಾರ್ ಹೋದ್ರು ಅಂತ ಓಣಿ ಮಂದಿ ಎಲ್ಲಾ ಕೂಡಿತ್ತು!" ನನಗೆ ನಗು ಬಂತು, ನುಂಗಿಕೊಂಡೆ. ಪೈಪಿನ ಬಾಯಿಯನ್ನು ನೀರಿನ ಡ್ರಮ್ಮಿನೊಳಗೆ ಮುಳುಗಿಸಲು ಅವರೇ ದಾರಿ ತೋರಿಸಿದರು. ಹಾಗೇ ಮಾಡಿದೆ. ಧೂಳು ನೀರಿಗೆ ಬಿತ್ತು, ನಾನು ಪಾಸಾದೆ.

ಆ ಸುದ್ದಿ ಹೊತ್ತು ಕಾಲೇಜಿನಿಂದ ನೇರ ಮನೆಗೆ ಬಂದು, ಒಣಬಟ್ಟೆಯಲ್ಲಿ, ರಾಣಿಯ ಹಾಗೆ ಮುಂಬಾಗಿಲಿನಿಂದಲೇ ಒಳಗೆ ಹೋದೆ. ಸ್ವಲ್ಪ ಹೊತ್ತಿಗೆ ಗಂಗವ್ವ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಹಿಡಿದು ಬಂದಳು. ಸಾವಾದ ಮನೆಗೆ ನೆರೆಯವರು ತರುವ ಹಾಗೆ ಬುಟ್ಟಿಯ ಮೇಲೆ ಬಿಳಿ ಬಟ್ಟೆ.

"ಇವತ್ತ ಜಳಕ ಇಲ್ಲದ್ದ ನೋಡೇ ತಿಳಕೊಂಡೆ," ಎಂದು ನನ್ನ ಬೆನ್ನು ಸವರಿದಳು. "ಕೆಲಸ ಹೋತು, ಹೌದಿಲ್ಲ? ಇರಲಿ ಬಿಡವಾ, ನೀ ಉಣ್ಣು."

ಪಾಸಾಗಿದ್ದೇನೆ ಎಂದು ಹೇಳಲು ಬಾಯಿ ತೆರೆದೆ. ಆದರೆ ರೊಟ್ಟಿ ಬಿಸಿಯಿತ್ತು, ನನಗೆ ಹಸಿವಿತ್ತು. ಮೊದಲು ಒಂದು ತುತ್ತು ಬಾಯಿಗಿಟ್ಟು ಆಮೇಲೆ ಮಾತಾಡಲು ಹೋದೆ. ಪಲ್ಯದ ಖಾರ ನೆತ್ತಿಗೆ ಹತ್ತಿ ಕಣ್ಣಲ್ಲಿ ದಳದಳ ನೀರು ಇಳಿಯಿತು.

"ಅತ್ತುಬಿಡವಾ," ಎಂದಳು ಗಂಗವ್ವ, ಇನ್ನೊಂದು ರೊಟ್ಟಿ ಹಾಕುತ್ತ. ನಾನು ಆ ರೊಟ್ಟಿಯನ್ನೂ ಮುಗಿಸಿ ಆಮೇಲೆ ಹೇಳಿದರಾಯಿತೆಂದು, ಅಳುತ್ತಲೇ ಉಂಡೆ.